ತುಂಬಿದ ಚೆಂಬು

ಕುಪ್ಪಗಡ್ಡೆಯ ಹೂವಮ್ಮ ಕಳ್ಳು ಕುಡಿಯುತ್ತಾಳೆಂದು ಊರು ತೀರ್ಮಾನ ಮಾಡಿದ್ದು ಒಂದು ಗೆರೆ ನೋಡಿ. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ನಾರಿನ ಕುಂಚ ಹಿಡಿದು ಉಸಿರು ಬಿಗಿಹಿಡಿದಳೆಂದರೆ ಮೊಳದುದ್ದದ ಗೆರೆ ದಾರ ಹಿಡಿದ ಹಾಗೆ ನೆಟ್ಟಗೆ ಬರುತ್ತಿತ್ತು. ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಒಂದು ಮದುವೆಗೆ ಬರೆಯುವಾಗ ಆ ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಬರೆದಳು. ಮತ್ತೂ ಸೊಟ್ಟಗೇ ಬಂತು. ಕುಂಚ ಕೆಳಗಿಟ್ಟು ಎದ್ದವಳು ಹೊಸಿಲು ದಾಟುವಾಗ ಜೋಲಿ ಹೊಡೆದಳು. ಹೆಂಗಸರು ಮುಖ ಮುಖ ನೋಡಿಕೊಂಡರು.

ಬೇರೆ ಮನೆತನದವಳಾಗಿದ್ದರೆ ಪಿತ್ತ ಎನ್ನುತ್ತಿದ್ದರೇನೋ. ಆದರೆ ಹೂವಮ್ಮನ ಅಪ್ಪ ಬಗನಿ ಮರ ಹತ್ತಿ ಕಳ್ಳು ಇಳಿಸಿದವನು. ಆಮೇಲೆ ಕುಲದ ಹಿರಿಯರೆಲ್ಲ ಚೌಡಮ್ಮನ ಗುಡಿಯ ಮುಂದೆ ಆಣೆ ಇಟ್ಟು ಕಳ್ಳು ಬಿಟ್ಟಿದ್ದರು. ಬಿಟ್ಟವರ ಮೂಗು ಭಾರಿ ಚುರುಕು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಜಗತ್ತು ಇದು. ಈ ಬಡಪಾಯಿ ಮಜ್ಜಿಗೆಯನ್ನೂ ಕುಡಿದಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಅವಳ ನಾಲಿಗೆಯೂ ತೊದಲತೊಡಗಿತು. ಗಂಡ ಸತ್ತ ಮೇಲೆ ಅವಳು ತಮ್ಮ ಗುತ್ಯಪ್ಪನ ಮನೆಯಲ್ಲಿದ್ದಳು. ತಮ್ಮನ ಹೆಂಡತಿ ಬಸಕ್ಕ ಅವಳ ಬಾಯಿ ಮೂಸಿದಳು. ವಾಸನೆ ಸಿಗದಿದ್ದಾಗ, "ಏಲಕ್ಕಿ ಜಗ್ದು ಬಂದಾಳೆ" ಎಂದಳು. ಇಲ್ಲದ ವಾಸನೆಗೂ ಕಾರಣ ಕೊಡುವ ಮಹಾತಾಯಿ!

ಕೊನೆಗೆ ಕುಲದ ಹಿರಿಯ ಜಟ್ಟಪ್ಪ ಹಳೆಯ ಪರೀಕ್ಷೆಯೊಂದನ್ನು ಮುಂದಿಟ್ಟ. ಕುಡಿದಿಲ್ಲ ಎನ್ನುವವರು ಕಂಠದವರೆಗೆ ತುಂಬಿದ ಚೆಂಬು ಹಿಡಿದು ಬಾವಿಯಿಂದ ಚೌಡಮ್ಮನ ಗುಡಿಗೆ ನಡೆಯಬೇಕು. ನೀರು ಚೆಲ್ಲಿದರೆ ಮಾತು ಸುಳ್ಳು. ಹೂವಮ್ಮ ಖುಷಿಯಿಂದಲೇ ಒಪ್ಪಿದಳು. ಸತ್ಯ ಅವಳ ಕಡೆಗಿತ್ತಲ್ಲ! ಆದರೆ ಕೈ ತನ್ನಿಚ್ಛೆಗೆ ಎಳೆದಾಡಿತು, ಹೆಜ್ಜೆ ಅತ್ತಿತ್ತ ಬಿತ್ತು. ಗುಡಿ ಮುಟ್ಟುವಷ್ಟರಲ್ಲಿ ಸೀರೆ ತೊಯ್ದು ಚೆಂಬು ಬರಿದಾಗಿತ್ತು.

ಆಮೇಲೆ ಅವಳ ಕೈಯ ನೀರನ್ನು ಯಾರೂ ಕುಡಿಯಲಿಲ್ಲ. ಹಸೆ ಬರೆಯಲು ಯಾರೂ ಕರೆಯಲಿಲ್ಲ. ಊಟದ ತಟ್ಟೆ ಕೊಟ್ಟಿಗೆ ಪಕ್ಕದ ಕೋಣೆಗೆ ಬರುತ್ತಿತ್ತು, ತಂದವರು ಮಾತಾಡದೆ ಹೋಗುತ್ತಿದ್ದರು. ಅದನ್ನೂ ಸಹಿಸಿಕೊಂಡಾಳು, ಸಹಿಸಲಾಗದ್ದು ಬೇರೆಯಿತ್ತು. ಅವಳಿಗೇ ತನ್ನ ಮೇಲೆ ಅನುಮಾನ ಹುಟ್ಟಿತು. ದೇವಿ ಸುಳ್ಳು ಹೇಳುತ್ತಾಳೆಯೇ? ತನಗೇ ಅರಿವಿಲ್ಲದೆ ಎಲ್ಲಿಗೋ ಹೋಗಿ ಕುಡಿದು ಬರುತ್ತಿದ್ದೇನೆಯೇ? ಗೋಡೆಗೆ ಮುಖ ಮಾಡಿ ಅಂಗೈಗೆ ಉಸಿರು ಬಿಟ್ಟು, ತಾನೇ ಮೂಸಿ ನೋಡಿಕೊಳ್ಳುತ್ತಿದ್ದಳು.

ನಾಟಿ ಮುಗಿದ ಮೇಲೆ, ಶಿಕಾರಿಪುರಕ್ಕೆ ಹೊಸದಾಗಿ ಬಂದ ಡಾಕ್ಟರು ಕುಡಿತ ಬಿಡಿಸುತ್ತಾರಂತೆ ಎಂದು ಕೇಳಿ ಗುತ್ಯಪ್ಪ ಅಕ್ಕನನ್ನು ಬಸ್ಸು ಹತ್ತಿಸಿದ. ತಾನು ಪರಿಚಯವಿಲ್ಲದವನಂತೆ ಮುಂದೆ ಹೋಗಿ ಕೂತ.

"ನನ್ನ ಬೆರಳು ಮುಟ್ಟಿ, ಆಮೇಲೆ ನಿಮ್ಮ ಮೂಗು ಮುಟ್ಟಿ ಅಮ್ಮ" ಎಂದರು ಡಾಕ್ಟರು. ಬೆರಳು ಮೂಗು ತಪ್ಪಿ ಕೆನ್ನೆಗೆ ತಿವಿಯಿತು. ಗುತ್ಯಪ್ಪ ನಾಚಿ ತಲೆ ತಗ್ಗಿಸಿದ. ಡಾಕ್ಟರು ಮಾತ್ರ ಅವಳ ಕಣ್ಣಿಗೆ ದೀಪ ಹಿಡಿದು ನೋಡಿದರು, ನಡೆಸಿ ನೋಡಿದರು. ಆಮೇಲೆ ನರ್ಸಿನ ಜೊತೆ ಪರದೆಯ ಹಿಂದೆ ಕಳಿಸಿದರು. ಎಡಗಂಕುಳಲ್ಲಿ ಹುಣಸೆ ಬೀಜದಷ್ಟು ಗಂಟಿತ್ತು. ನೋವಿಲ್ಲದ ಆ ಗಂಟು ಹೂವಮ್ಮನಿಗೇ ಗೊತ್ತಿರಲಿಲ್ಲ.

"ಇದು ಕುಡಿತ ಅಲ್ರೀ" ಎಂದರು ಡಾಕ್ಟರು. "ಎದೆಯೊಳಗೆ ಎಲ್ಲೋ ಕ್ಯಾನ್ಸರ್ ಗಡ್ಡೆ ಅಡಗಿರೋ ಹಂಗಿದೆ, ಕಂಕುಳಿನ ಗಂಟು ಅದರ ಗುರುತು. ಅಪರೂಪಕ್ಕೆ ಕೆಲವರಿಗೆ ಗಡ್ಡೆ ಕೈಗೆ ಸಿಗೋಕ್ಕೆ ಮುಂಚೇನೇ ಮಿದುಳು ಕೆಡುತ್ತೆ. ನಡಿಗೆ, ಮಾತು, ಕೈ ಹಿಡಿತ ಹೋಗುತ್ತೆ. ಯಾಕೆ ಅಂತ ದೊಡ್ಡ ಡಾಕ್ಟರುಗಳಿಗೂ ಇನ್ನೂ ತಿಳಿದಿಲ್ಲ. ಬೆಂಗಳೂರಿಗೆ ಕರ್ಕೊಂಡು ಹೋಗಿ, ಗಡ್ಡೆ ತೆಗೆಸಬಹುದು. ಆದ್ರೆ ಹೋದ ನಡಿಗೆ ವಾಪಸ್ ಬರೋದು ಕಷ್ಟ."

ಹೂವಮ್ಮನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. "ಹಂಗಾರೆ... ನಾ... ಕುಡ್ದಿಲ್ಲ ಅಲ್ದಾ?"

"ಇಲ್ಲಮ್ಮ."

ಅವಳು ನಕ್ಕಳು. ಅಂಥ ಸುದ್ದಿ ಕೇಳಿ ಹಾಗೆ ನಕ್ಕವರನ್ನು ಡಾಕ್ಟರು ಕಂಡಿರಲಿಲ್ಲ. "ಕೇಳ್ದ್ಯಾ ಗುತ್ಯಾ?" ಎಂದು ತಿರುಗಿದರೆ ತಮ್ಮ ಅಲ್ಲಿರಲಿಲ್ಲ. ಹೊರಗೆ ಕಂಬ ಹಿಡಿದು ಅಳುತ್ತಿದ್ದ.

ಮನೆಗೆ ಬಂದಾಗ ಜಗಲಿಯ ಮೇಲೆ ಜಟ್ಟಪ್ಪ ಕೂತಿದ್ದ. ಅಕ್ಕಪಕ್ಕದವರೂ ಸೇರಿದ್ದರು. ಗುತ್ಯಪ್ಪ ಹೇಳಿದ್ದೆಲ್ಲ ಕೇಳಿ ಜಟ್ಟಪ್ಪ ತಲೆಯಾಡಿಸಿದ. "ಡಾಕ್ಟ್ರು ಹೇಳಿದ್ರೆ ದೇವಿ ಸುಳ್ಳಾಗ್ತಾಳನಾ?"

ಗುತ್ಯಪ್ಪ ಅಕ್ಕನ ಕಡೆ ತಿರುಗಿದ. ಬಸಕ್ಕ ಚಾಚಿದ ನೀರನ್ನು ಪಕ್ಕಕ್ಕೆ ಸರಿಸಿದ.

"ಅಕ್ಕಾ, ಬಾಯಾರಿಕೆ ಆಗ್ಯದೆ. ನೀ ತಂದ್ಕೊಡು."

ಹೂವಮ್ಮ ಗೋಡೆ ಹಿಡಿದು ಒಳಗೆ ಹೋದಳು. ತುಂಬಿದ ಚೆಂಬು ಎತ್ತಿಕೊಂಡು, ದಾರಿಯುದ್ದಕ್ಕೂ ಚೆಲ್ಲುತ್ತ ಬಂದಳು. ತಮ್ಮನ ಕೈ ಸೇರಿದಾಗ ತಳದಲ್ಲಿ ಉಳಿದದ್ದು ಒಂದು ಗುಟುಕು. ಗುತ್ಯಪ್ಪ ಎಲ್ಲರೂ ನೋಡುವಂತೆ ಎದ್ದು ನಿಂತು ಅದನ್ನು ಕುಡಿದ. ಬರಿದಾದ ಚೆಂಬನ್ನು ಮತ್ತೆ ಅವಳ ಮುಂದೆ ಹಿಡಿದ.

"ಇನ್ನೂ ಬೇಕು" ಎಂದ.