ಹತ್ತು ಎಣಿಸುವ ತನಕ

ಹೋದ ವರ್ಷ ಹರಿಹರದಲ್ಲಿ ಬಸ್ಸಿಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿ ಬಿದ್ದೆ. ಮುಂಗೈ ಮುರಿಯಿತು. ಅವತ್ತಿನಿಂದ ಮಗ ಅಂಜನಕುಮಾರ ನನ್ನನ್ನು ಒಬ್ಬಳೇ ಬಸ್ಸು ಹತ್ತಲು ಬಿಡಲಿಲ್ಲ. ಹರಿಹರದಲ್ಲಿ ನನ್ನಕ್ಕ ದ್ಯಾಮವ್ವ ಹಾಸಿಗೆ ಹಿಡಿದಿದ್ದಾಳೆ. ಒಡಹುಟ್ಟಿದವರಲ್ಲಿ ಉಳಿದಿರುವುದು ನಾವಿಬ್ಬರೇ. "ಭಾನುವಾರ ನಾನೇ ಬೈಕಲ್ಲಿ ಕರ್ಕಂಡ್ ಹೋಗ್ತೀನಿ ಬಿಡವ್ವ" ಅನ್ನುತ್ತಿದ್ದ. ಎಷ್ಟು ಭಾನುವಾರ ಹೋದವೋ.

ನಾನು ಜಗಳ ತೆಗೆದಿದ್ದಕ್ಕೆ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಯೋಗದ ಕ್ಲಾಸಿಗೆ ಸೇರಿಸಿದ. "ಒಂಟಿ ಕಾಲ ಮೇಲೆ ಹತ್ತು ಎಣಿಸೋ ತನ್ಕ ನಿಂತು ತೋರ್ಸು. ಆಮೇಲೆ ಎಲ್ಲಿಗಾದ್ರೂ ಹೋಗು" ಅಂದ.

ಹೇಳಿಕೊಡುವ ಹುಡುಗಿ ಭವ್ಯಾ. ಯೋಗದ ಜೊತೆಗೆ ಪಿಲಾಟಿಸ್ ಅಂತ ಇನ್ನೊಂದು: ಚಾಪೆ ಮೇಲೆ ಮಲಗಿ, ಹೊಟ್ಟೆ ಬಿಗಿಹಿಡಿದು ಸೊಂಟ ಎತ್ತುವುದು. ಅದು ಹೇಗೋ ಬಂತು. ಒಂಟಿ ಕಾಲು ಮಾತ್ರ ಬರಲಿಲ್ಲ. ಮೂರು ಎಣಿಸುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಕಮಲಕ್ಕ, ನನಗಿಂತ ಎರಡು ವರ್ಷ ದೊಡ್ಡವಳು, ಕೊಕ್ಕರೆ ಹಾಗೆ ನಿಂತಿರುತ್ತಿದ್ದಳು.

"ಯಾಕ ಅಂಜಿನವ್ವ, ಗೋಡೆ ಬೀಳ್ತೈತೆ ಅಂತ ಹಿಡ್ಕಂಡಿದೀಯಾ?"

"ನೀನು ನಿಂತ್ಕ. ಕೆಳಗೆ ನೀರಿದ್ದಿದ್ರೆ ಒಂದೆರಡು ಮೀನೂ ಸಿಗ್ತಿದ್ವು."

ನನಗೆ ಸಿಟ್ಟಿದ್ದದ್ದು ಅವಳ ಮೇಲಲ್ಲ, ಈ ಕಾಲುಗಳ ಮೇಲೆ. ಶಾಮನೂರಿನ ಗದ್ದೆಗಳಲ್ಲಿ ಮೂವತ್ತು ವರ್ಷ ಭತ್ತದ ನಾಟಿ ಹಚ್ಚಿದ ಕಾಲುಗಳು. ಗೇಣಗಲದ ಬದುವಿನ ಮೇಲೆ, ತಲೆ ಮೇಲೆ ಸಸಿಯ ಹೊರೆ, ಸೊಂಟದಲ್ಲಿ ಇದೇ ಅಂಜನಕುಮಾರ. ನಮ್ಮ ಯಜಮಾನರು ತೀರಿಕೊಂಡಾಗ ತಿಂಗಳು ತುಂಬುವ ಮೊದಲೇ ಗದ್ದೆಗಿಳಿದಿದ್ದೆ. ಆಗೆಲ್ಲ ಜಾರದವು ಈಗ ಸಿಮೆಂಟ್ ನೆಲದ ಮೇಲೆ ನಡುಗುತ್ತವೆ ಅಂದರೆ ಯಾರಿಗೆ ಹೇಳಲಿ?

ಐದು ತಿಂಗಳಾದರೂ ಎಣಿಕೆ ಆರು ದಾಟಲಿಲ್ಲ. ಒಂದು ದಿನ ಭವ್ಯಾ ನೆಲಕ್ಕೆ ಉದ್ದನೆಯ ಪಟ್ಟಿ ಅಂಟಿಸಿ ಅದರ ಮೇಲೇ ನಡೆಯಬೇಕು ಅಂದಳು. ಎರಡು ಹೆಜ್ಜೆಗೇ ವಾಲಿದೆ. "ಈಗ ಹಿಂದಕ್ಕೆ ನಡೀರಿ ಅಜ್ಜಿ, ನಾನು ಹಿಡ್ಕಂತೀನಿ" ಎಂದು ಹಿಂದೆ ಬಂದು ನಿಂತಳು. ಹೊರಟೆ ನೋಡಿ, ಪಟ್ಟಿ ಮುಗಿಯುವ ತನಕ ಕಾಲು ತಪ್ಪಲಿಲ್ಲ.

"ಅಜ್ಜಿ! ಇದನ್ನೆಲ್ಲಿ ಕಲ್ತ್ರಿ?"

"ನಾಟಿ ಹಚ್ಚೋರು ಮುಂದಕ್ಕೆ ಹೋಗ್ತಾರೇನವ್ವ? ಹಚ್ಚಿದ ಸಸೀನೇ ತುಳಿದಂಗಾಗಲ್ವಾ? ಹಿಂದಕ್ಕೇ ಹೋಗೋದು. ಮೊದ್ಲು ಬೆರಳೂರಿ ನೆಲ ನೋಡ್ಬೇಕು, ಆಮೇಲೆ ಭಾರ ಬಿಡ್ಬೇಕು."

ಹೇಳುತ್ತಿದ್ದ ಹಾಗೇ ಬಸ್ಸಿನ ಮೆಟ್ಟಿಲು ಕಣ್ಣ ಮುಂದೆ ಬಂತು.

ಮರುದಿನ ಕ್ಲಾಸಿನಿಂದ ಮನೆಗೆ ಹೋಗಲಿಲ್ಲ, ಹರಿಹರದ ಬಸ್ಸು ಹತ್ತಿದೆ. ಇಳಿಯುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿದು, ಬಸ್ಸಿನ ಒಳಗೆ ಮುಖ ಮಾಡಿ, ಹಿಂದಕ್ಕೆ ಕಾಲು ಬಿಟ್ಟೆ. ಇಳಿಯಲು ಕಾದಿದ್ದವರು ಗೊಣಗಿದರು.

"ಏನಜ್ಜಿ, ಯಾರ ಮುಖ ನೋಡ್ಕಂಡ್ ಇಳೀತಿದೀರಿ?" ಕಂಡಕ್ಟರ್ ನಕ್ಕ.

"ನಿಂದೇ ಕಣಪ್ಪಾ. ಮೆಟ್ಲು ಇಷ್ಟೆತ್ತರ ಇಟ್ಟೋನ ಮುಖ ನೋಡ್ಬೇಕಿತ್ತು, ಅವ್ನು ಸಿಗಲಿಲ್ಲ."

ಬೆರಳೂರಿದೆ. ನೆಲ ಸಿಕ್ಕಿತು. ಭಾರ ಬಿಟ್ಟೆ.

ದ್ಯಾಮವ್ವ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ಅಷ್ಟರಲ್ಲಿ ಮಗನ ಫೋನು.

"ಎಲ್ಲಿದೀಯವ್ವ?"

"ನಿಮ್ ದೊಡ್ಡವ್ವನ ಮನೇಲಿ."

"ಒಬ್ಳೇನಾ? ಹತ್ತು ಎಣಿಸಿದ್ಯಾ?"

"ಆರು."

ಅವನು ಕೂಗಾಡುವುದು ಮಂಚದಲ್ಲಿದ್ದವಳಿಗೂ ಕೇಳುತ್ತಿತ್ತು. ದ್ಯಾಮವ್ವ ಮಲಗಿದಲ್ಲಿಂದಲೇ ಹೇಳಿದಳು:

"ಭಾನುವಾರ ಬೈಕ್ ತಂದು ಕರ್ಕಂಡ್ ಹೋಗು ಅನ್ನು. ಅಲ್ಲೀ ತನ್ಕ ನೀನಿಲ್ಲೇ ಇರ್ತೀಯ."