ಬಣ್ಣ ಬಿಟ್ಟ ಗಿಲಕಿ

"ಏನ್ರೀ, ಇದನ್ನ ಮಗು ಬಾಯಿಗೆ ಕೊಡೋದಾ?" ಮೈಸೂರಿನಿಂದ ಬಂದಿದ್ದ ಆ ತಾಯಿ ಮರದ ಗಿಲಕಿಯನ್ನು ಗಲ್ಲಾದ ಮೇಲೆ ಕುಕ್ಕಿದರು. ಹೆಗಲ ಮೇಲಿದ್ದ ಕೂಸಿನ ತುಟಿಯ ಸುತ್ತ ಗುಳ್ಳೆ ಎದ್ದಿದ್ದವು.

ಚನ್ನಪಟ್ಟಣದ ಬಾಷಾ ಸಾಬರ ಬೊಂಬೆ ಅಂಗಡಿಯಲ್ಲಿ ನಾನೂ ನಾಮಕರಣಕ್ಕೊಂದು ಗಿಲಕಿ ಆರಿಸುತ್ತ ನಿಂತಿದ್ದೆ. ಸಾಬರು ಅದನ್ನು ಒದ್ದೆ ಬಟ್ಟೆಯಿಂದ ಉಜ್ಜಿದರು. ಬಟ್ಟೆಯೆಲ್ಲ ಕೆಂಪಾಯಿತು. ಸಾಬರು ಬೊಂಬೆಗೆ ಹಚ್ಚುವ ಅರಗಿನ ಬಣ್ಣ ಹಾಗೆ ಬಿಡುವುದಿಲ್ಲ.

"ಇದು ನಮ್ದಲ್ಲ ಕಣವ್ವಾ."

"ನಿಮ್ಮ ವೆಬ್‌ಸೈಟ್‌ನಿಂದಲೇ ತರಿಸಿದ್ದು. ನಿಮ್ಮಂಗಡಿ ಫೋಟೊನೇ ಇತ್ತಲ್ಲ!"

ಸಾಬರ ಅಳಿಯ ಕಂಪ್ಯೂಟರಿನಲ್ಲಿ ಹುಡುಕಿದ. ಯಾರೋ ಅಂಗಡಿಯ ಹೆಸರಿಗೇ ಡಾಟ್ ಕಾಮ್ ಬದಲು ಡಾಟ್ ಶಾಪ್ ಎಂಬ ಬಾಲ ಅಂಟಿಸಿ ನಕಲಿ ವೆಬ್‌ಸೈಟ್ ತೆರೆದಿದ್ದರು.

ಸಾಬರು ಅಳಿಯನತ್ತ ಕೈ ತೋರಿಸಿದರು. "ನಮ್ಮೆಸ್ರಲ್ಲಿ ಯಾರಾದ್ರೂ ಸೈಟ್ ತೆಗುದ್ರೆ ಪತ್ತೆ ಮಾಡಿ ಹೇಳೋರವ್ರೆ, ಅವ್ರಿಗೆ ಆ ಕೆಲ್ಸ ಒಪ್ಸಣ ಅಂತ ಇವ್ನು ಆಗ್ಲೇ ಬಡ್ಕೊಂಡ. ಬೀದೀಲಿ ಹೊಸಾ ಬೋರ್ಡು ಬಿದ್ರೆ ನಮ್ ಕಣ್ಗೆ ಕಾಣಾಕಿಲ್ವೇನ್ಲಾ ಅಂತ ನಕ್ಬುಟ್ಟೆ."

ಆಮೇಲೆ ತಾವೇ ಮಾಡಿದ ಗಿಲಕಿಯೊಂದನ್ನು ನಾಲಿಗೆಗೆ ತಾಗಿಸಿ ತೋರಿಸಿ, ಒರೆಸಿ, ಆಕೆಯ ಮುಂದೆ ಹಿಡಿದರು. "ತಕ್ಕಳವ್ವಾ, ದುಡ್ಡು ಬ್ಯಾಡ."

ಆಕೆ ಕೈ ಚಾಚಲಿಲ್ಲ. "ನೀವು ಸುಳ್ಳು ಹೇಳ್ತಿಲ್ಲ ಸಾಬರೇ. ಆದ್ರೂ ಈ ಹೆಸರಿನದು ಬೇಡ," ಎಂದು ಮೆತ್ತಗೆ ಹೇಳಿ ಹೊರಟುಹೋದರು.

ಅಳಿಯ ದೂರು ಕೊಟ್ಟ ಮೇಲೆ ನಕಲಿ ಸೈಟು ಮುಚ್ಚಿತು. ಅಂಗಡಿಯ ಹೆಸರಿನ ಮೇಲೆ ಈಗ ಅಳಿಯ ಕಾವಲು ಇಡಿಸಿದ್ದಾನೆ. ಆಕೆ ಬೇಡವೆಂದ ಆ ಗಿಲಕಿಯನ್ನು ಮಾತ್ರ ಸಾಬರು ಯಾರಿಗೂ ಮಾರಿಲ್ಲ. ಆಕೆ ಮತ್ತೆ ಬಂದರೆ ಕೊಡೋಣವೆಂದು ನಾಲ್ಕು ವರ್ಷದಿಂದ ಗಲ್ಲಾದ ಪಕ್ಕದಲ್ಲೇ ಇಟ್ಟಿದ್ದಾರೆ. ಆ ಕೂಸು ಇಷ್ಟರಲ್ಲಿ ಶಾಲೆಗೆ ಹೋಗುವಷ್ಟು ಬೆಳೆದಿರಬೇಕು.