ಒಳಗೂ ಬೆಳಗಿದ ಹಿತ್ತಾಳೆ ತಪ್ಪಲೆ

ನಾನು ಇಂದಿಗೂ ಯಾರ ಮನೆಯಲ್ಲಿ ಊಟಕ್ಕೆ ಕೂತರೂ ಸಾರಿನ ಪಾತ್ರೆಯ ಒಳಗನ್ನು ನೋಡದೆ ತುತ್ತು ಎತ್ತುವುದಿಲ್ಲ. ಬಡಿಸುವವರು ಅತ್ತ ತಿರುಗಿದಾಗ ಪಾತ್ರೆಯ ಕಂಠದೊಳಗೆ ಉಗುರು ಎಳೆದು ನೋಡುವ ಚಾಳಿಯೂ ಉಂಟು. ಉಗುರಿಗೆ ಹಸಿರು ಅಂಟಿತೋ, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಒಂದು ಬಾಳೆಹಣ್ಣು ತಿಂದು ಎದ್ದುಬಿಡುತ್ತೇನೆ. ನನ್ನ ಹೆಂಡತಿಗೆ ಇದರಿಂದ ಬಹಳ ನಾಚಿಕೆ. ಅವಳಿಗೇನು ಗೊತ್ತು, ಆ ಹಸಿರು ಮನುಷ್ಯನ ಹೊಟ್ಟೆಯಿಂದ ವಾಪಸು ಬಂದದ್ದನ್ನು ನಾನು ಕಣ್ಣಾರೆ ಕಂಡವನು.

ನಮ್ಮೂರು ಹುಣಸೂರಿಗೆ ಎರಡು ಮೈಲಿ. ಲಕ್ಷ್ಮಣತೀರ್ಥ ಹೊಳೆಯ ಆಚೆ ದಡ. ನಮ್ಮ ವಂಶದಲ್ಲಿ ಬಿ.ಎ. ಮಾಡಿದವನು ನಾನೇ ಮೊದಲು. ವಂಶವೇಕೆ, ಸುತ್ತ ನಾಲ್ಕು ಹಳ್ಳಿಯಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೈಸೂರಿನ ಧರ್ಮದ ಹಾಸ್ಟೆಲಿನಲ್ಲಿ ಹುಳು ಬಿದ್ದ ಅನ್ನ ತಿಂದು, ಬೀದಿ ದೀಪದ ಕೆಳಗೆ ಓದಿ, ಒಂದೇ ಕೋಟನ್ನು ನಾಲ್ಕು ವರ್ಷ ಒಗೆದು ಹಾಕಿಕೊಂಡು ಪಡೆದ ಪದವಿ ಅದು. ಹುಣಸೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ ದಿನ ನಮ್ಮವ್ವ ನನ್ನ ಪೇಟವನ್ನು ಮುಟ್ಟಿ ಮುಟ್ಟಿ ನೋಡಿದಳು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ನಾನು, ಮದುವೆಗೆ ಬಂದ ತಂಗಿ, ಮೂರೇ ಜನ.

ಮೊದಲ ಸಂಬಳದಲ್ಲಿ ನಾನು ತಂದದ್ದು ಒಂದು ಹಿತ್ತಾಳೆ ತಪ್ಪಲೆ.

ಅದಕ್ಕೆ ಮುಂಚೆ ನಮ್ಮ ಅಡಿಗೆ ಮನೆಯಲ್ಲಿ ಇದ್ದದ್ದು ಮಣ್ಣು ಮತ್ತು ಕಬ್ಬಿಣ. ಸಾರಿಗೆ ಮಡಕೆ, ಮುದ್ದೆಗೆ ಮಡಕೆ, ಹಾಲಿಗೆ ಮಡಕೆ. ರೊಟ್ಟಿಗೆ ಮಾತ್ರ ಎರಕದ ಕಾವಲಿ. ಆ ಕಾವಲಿ ಅವ್ವ ಮದುವೆಯಾಗಿ ಬಂದಾಗ ತವರಿನಿಂದ ಹೊತ್ತು ತಂದದ್ದು. ಅದಕ್ಕೆ ನೀರು ಸೋಕಿಸುತ್ತಿರಲಿಲ್ಲ. ರೊಟ್ಟಿ ಮುಗಿದ ಮೇಲೆ ಬಿಸಿ ಇರುವಾಗಲೇ ಬಟ್ಟೆಯಿಂದ ಒರೆಸಿ, ಅರ್ಧ ಈರುಳ್ಳಿಯನ್ನು ಹರಳೆಣ್ಣೆಗೆ ಅದ್ದಿ ಸುತ್ತಲೂ ಸವರಿ, ಗೋಡೆಯ ಮೊಳೆಗೆ ತೂಗುಹಾಕುವುದು. ಒರೆಸುವ ಬಟ್ಟೆ ಒಂದು ತೆಂಗಿನ ಚಿಪ್ಪಿನಲ್ಲಿ ಮುದುಡಿ ಕೂತಿರುತ್ತಿತ್ತು, ಸತ್ತ ಇಲಿಯ ಹಾಗೆ, ಕಪ್ಪಗೆ, ಜಿಡ್ಡಾಗಿ. ಮೈಸೂರಿನಿಂದ ಬಂದ ನನಗೆ ಆ ಚಿಪ್ಪನ್ನು ಕಂಡರೆ ವಾಕರಿಕೆ ಬರುತ್ತಿತ್ತು. ಇಪ್ಪತ್ತೈದು ವರ್ಷ ತೊಳೆಯದ ಪಾತ್ರೆಯಲ್ಲಿ ಬೆಂದ ರೊಟ್ಟಿ ತಿಂದೇ ಬೆಳೆದೆನಲ್ಲ ಎಂದು ಮೈ ಜುಮ್ಮೆನ್ನುತ್ತಿತ್ತು.

ಹಿತ್ತಾಳೆಯನ್ನು ನಾನು ಕಂಡಿದ್ದು ಮೈಸೂರಿನ ನಮ್ಮ ಮೇಷ್ಟರ ಮನೆಯಲ್ಲಿ. ಅವರ ಅಡಿಗೆ ಮನೆಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಹಿತ್ತಲ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಪಾತ್ರೆಗಳನ್ನು ದೂರದಿಂದ ನೋಡುತ್ತಿದ್ದೆ, ಬಿಸಿಲಿಗೆ ಬಂಗಾರದ ಹಾಗೆ ಉರಿಯುತ್ತಿದ್ದವು. ನಾಲ್ಕು ವರ್ಷವೂ ಬೋರಲಾಗಿಯೇ ನೋಡಿದೆ. ಒಂದು ದಿನವೂ ಅವುಗಳ ಒಳಗನ್ನು ನೋಡಲಿಲ್ಲ. ನನ್ನ ವಿದ್ಯೆಯಲ್ಲಿ ಕಲಿಯದೆ ಉಳಿದುಹೋದ ಪಾಠ ಇಷ್ಟೇ, ಆದರೆ ಅನಾಹುತಕ್ಕೆ ಇಷ್ಟು ಸಾಕಾಯಿತು.

ತಪ್ಪಲೆ ಕೊಟ್ಟ ಅಂಗಡಿಯವನು, "ಒಳ್ಗೆ ಕಲಾಯಿ ಹಾಕ್ಸೀವ್ನಿ ಸ್ವಾಮಿ, ಒಂದು ವರ್ಷ ಯೋಚ್ನೆ ಇಲ್ಲ" ಅಂದಿದ್ದ. ಕಲಾಯಿ ಎಂಬ ಮಾತು ಕೇಳಿದ್ದೆ. ಅದು ಹೇಗಿರುತ್ತದೆ, ಯಾತಕ್ಕೆ ಎಂದು ಕೇಳಬಹುದಿತ್ತು. ಕೋಟು ಹಾಕಿದವನು ಅಂಗಡಿಯವನ ಹತ್ತಿರ ಕೇಳುವುದೇ? ತಲೆಯಾಡಿಸಿ ಬಂದೆ.

ತಂಗಿ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಅಣ್ಣಯ್ಯ, ಹೊರ್ಗಡೆ ಪಸಂದಾಗದೆ. ಒಳ್ಗಡೆ ಯಾಕಿಂಗೆ ಬೂದಿ ಬಳ್ದಂಗದೆ?"

ನೋಡಿದೆ. ನಿಜ, ಒಳಗೆಲ್ಲ ಮಂಕು ಬಿಳುಪು.

"ಅಂಗಡಿಯೋನು ಒಳಗೆ ಬೆಳಗಿಲ್ಲ. ಚೆನ್ನಾಗಿ ಉಜ್ಜು. ಒಳಗೂ ಹೊರಗೂ ಒಂದೇ ಬಣ್ಣ ಬರಬೇಕು."

ಅವಳು ಮೂರು ದಿನ ಉಜ್ಜಿದಳು. ಹುಣಸೆಹಣ್ಣು, ಇಟ್ಟಿಗೆ ಪುಡಿ, ಹೊಳೆಯ ಮರಳು. ಅಂಗೈ ಸುಲಿಯಿತು. ಮೂರನೆಯ ದಿನ ಒಳಗೂ ಬಂಗಾರವಾಯಿತು. ಅವಳು ತಂದು ತೋರಿಸಿದಾಗ ನಾನು "ಭೇಷ್" ಅಂದೆ. ಆ ಭೇಷನ್ನು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅದೇ ತಿಂಗಳು ಪಿರಿಯಾಪಟ್ಟಣದ ಕಡೆಯಿಂದ ತಂಗಿಗೆ ಸಂಬಂಧ ಕೂಡಿಬಂತು. ಗದ್ದೆ ಇರುವ ಮನೆ, ಒಬ್ಬನೇ ಮಗ. ಅವಳಿಗೂ ಒಳಗೊಳಗೆ ಆಸೆ ಇತ್ತು. ಯಾವುದೋ ಮದುವೆಯಲ್ಲಿ ಹುಡುಗನನ್ನು ಕಂಡಿದ್ದಳಂತೆ, ಹೆಸರೆತ್ತಿದರೆ ಸಾಕು, ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಹುಡುಗನ ಅಪ್ಪ ಮತ್ತು ಅಜ್ಜಿ ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು.

ಬೀಗರಾಗುವವರ ಕಣ್ಣಿಗೆ ಆ ಕರಿ ಕಾವಲಿ ಬೀಳಬಾರದು ಎಂದು ನನ್ನ ಹಟ. ಅವ್ವ ಹೊಲಕ್ಕೆ ಹೋದ ಹೊತ್ತು ನೋಡಿ ನಾನೇ ಅದನ್ನು ಹೊಳೆಗೆ ಹೊತ್ತೊಯ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು.

"ಏನ್ ಬುದ್ಯೋರೇ, ಬಿ.ಎ. ಪಾಸು ಮಾಡ್ಕಂಡು ಕಾವ್ಲಿ ಉಜ್ಜಕ್ ಬಂದ್ರಾ?"

"ಸುಮ್ಕಿರಮ್ಮಿ, ಸರ್ಕಾರದ ಕೆಲ್ಸ ಇರ್ಬೇಕು!"

ನಾನು ಮರಳು ಹಾಕಿ, ಇಟ್ಟಿಗೆ ಚೂರು ಹಾಕಿ ಉಜ್ಜಿದೆ. ಕರಿಯ ಪದರ ಸಿಪ್ಪೆ ಸಿಪ್ಪೆಯಾಗಿ ಎದ್ದು ನೀರಿನಲ್ಲಿ ತೇಲಿತು. ಹೇಸಿಗೆಯಿಂದ ಮೂಗು ಮುಚ್ಚಿಕೊಂಡೆ, ಜೊತೆಗೆ ಗೆದ್ದ ಹೆಮ್ಮೆ ಬೇರೆ. ಕೆಳಗಿನಿಂದ ಬೂದು ಬಣ್ಣದ ಬರಿ ಕಬ್ಬಿಣ ಮೂಡಿತು. ಒದ್ದೆಯಾಗಿಯೇ ತಂದು ಮೊಳೆಗೆ ತೂಗಿಹಾಕಿದೆ. ಎರಡು ದಿನಕ್ಕೆ ಅದು ಗಾಯದ ಮೇಲಿನ ಹಕ್ಕಳೆಯ ಹಾಗೆ ಕೆಂಪಾಗಿ ತುಕ್ಕು ಹಿಡಿಯಿತು. ಅವ್ವ ನೋಡಿ ಹಣೆ ಚಚ್ಚಿಕೊಂಡಳು.

"ಯಾಕ್ಲಾ ಇಂಗ್ ಮಾಡ್ದೆ? ಚರ್ಮ ಸುಲ್ದ್ಬುಟ್ಟಿದ್ದೀಯಲ್ಲೋ ಅದ್ರುದ!"

"ಕೊಳೆ ತೆಗೆದೆ ಅವ್ವ."

"ಕೊಳೆ ಅಂತೆ! ಅದು ನಾನು ತಿನ್ಸಿದ್ ಎಣ್ಣೆ ಕಣ್ಲಾ!"

ಹೆಣ್ಣು ನೋಡುವ ದಿನಕ್ಕೆ ಹುರುಳಿ ಕಟ್ಟಿನ ಸಾರು. ನಮ್ಮ ಕಡೆ ಅದನ್ನು ಹಿಂದಿನ ಸಂಜೆಯೇ ಹುಳಿ ಮುಂದಾಗಿ ಕಾಯಿಸಿ ಇಡುತ್ತಾರೆ. ಮಾರನೆಯ ದಿನಕ್ಕೆ ರುಚಿ ಸಾರಿನೊಳಗೆ ಇಳಿಯುತ್ತದೆ. ಮಡಕೆಯಲ್ಲಾದರೆ ಇಳಿಯುವುದು ರುಚಿಯೇ. ನಾನು ಮಡಕೆ ಬೇಡ, ಹೊಸ ತಪ್ಪಲೆಯಲ್ಲೇ ಮಾಡಿ ಅಂದೆ. ಬರಿ ಹಿತ್ತಾಳೆ, ಹುಣಸೆ ಹುಳಿ, ಒಂದಿಡೀ ರಾತ್ರಿ.

ಬೆಳಿಗ್ಗೆ ಮುಚ್ಚಳ ತೆಗೆದ ಅವ್ವ ಮೂಗು ಅರಳಿಸಿದಳು. "ಯಾಕೋ ಒಂಥರಾ ವಾಸ್ನೆ ಕಣೋ. ನೀನೊಂದ್ ಚೂರ್ ನೋಡು."

ಬೆರಳಲ್ಲಿ ಅದ್ದಿ ನೆಕ್ಕಿದೆ. ನಾಲಗೆ ಮುರುಟಿತು. ಹಳೆ ಬೀಗದ ಕೈ ಚೀಪಿದ ಹಾಗೆ. ನಾನು ಇಲ್ಲಿ ಸುಳ್ಳು ಬರೆಯಲಾರೆ, ಏನೋ ಕೆಟ್ಟಿದೆ ಎಂದು ಆಗಲೇ ಗೊತ್ತಾಯಿತು. ಆದರೂ, "ಹೊಸ ಪಾತ್ರೆ ಹಾಗೇ ಇರುತ್ತೆ, ಇನ್ನೊಂದು ಕುದಿ ಕುದಿಸು" ಅಂದೆ.

ನಡುಹಗಲಿಗೆ ಗಾಡಿ ಬಂತು. ಹುಡುಗನ ಅಪ್ಪ ಆಳು ಗಟ್ಟಿ, ನಗುಮುಖ. ನಡುಮನೆಯಲ್ಲಿ ಕೂತು ಎರಡು ಮುದ್ದೆ ಉಂಡರು. ಸಾರು ನಾಲ್ಕು ಸಲ ಹಾಕಿಸಿಕೊಂಡರು, ಮರ್ಯಾದೆಗೆ. ಅಜ್ಜಿ ಮಾತ್ರ ಒಂದು ತುತ್ತು ಬಾಯಿಗಿಟ್ಟು ಪಕ್ಕಕ್ಕೆ ಸರಿಸಿ, "ನಂಗೆ ಹಲ್ಲಿಲ್ಲ ಕಣವ್ವ, ಮೊಸ್ರೇ ಸಾಕು" ಅಂದರು.

ಎಲೆ ಅಡಿಕೆ ಬಾಯಿಗೆ ಹಾಕುವ ಮೊದಲೇ ಹುಡುಗನ ಅಪ್ಪನ ಮುಖ ಬಿಳಿಚಿತು. ಜಗಲಿಗೆ ಓಡಿದರು. ಕಂಬ ಹಿಡಿದುಕೊಂಡು ಅಂಗಳಕ್ಕೆ ಕಕ್ಕಿದರು, ಮತ್ತೆ ಕಕ್ಕಿದರು. ಅಂದು ಬೆಳಿಗ್ಗೆ ತಂಗಿ ಸಗಣಿ ಸಾರಿಸಿ ರಂಗೋಲಿ ಇಟ್ಟ ಅಂಗಳ. ಅರೆದ ಹುರುಳಿ, ರಾಗಿ, ಮೇಲೆ ತೆಳ್ಳಗೆ ಹಸಿರು ನೊರೆ, ಕೆರೆಯ ಪಾಚಿಯಂಥದು. ರಂಗೋಲಿಯ ಗೆರೆಯ ಮೇಲೆ ಅದು ಹರಿದು ಬಂತು. ನಮ್ಮ ನಾಯಿ ಬಂದು ಮೂಸಿ ನೋಡಿ ಹಿಂದಕ್ಕೆ ಸರಿಯಿತು. ನಾಯಿಯೂ ಬೇಡವೆಂದ ಸಾರನ್ನು ನಾನು ಬೀಗರಿಗೆ ಬಡಿಸಿದ್ದೆ.

ಅವ್ವ ಎಳನೀರು ತರಲು ಓಡಿದಳು. ಅಜ್ಜಿ ಸೀದಾ ಅಡಿಗೆ ಮನೆಗೆ ನಡೆದರು. ತಪ್ಪಲೆಯನ್ನು ಬೆಳಕಿಂಡಿಯ ಕಡೆ ವಾಲಿಸಿ, ಕಂಠದ ಒಳಗೆ ಉಗುರು ಎಳೆದು ಎತ್ತಿ ಹಿಡಿದರು. ಉಗುರಿನ ತುಂಬ ಹಸಿರು ಕಿಲುಬು.

"ಇದ್ರೊಳ್ಗೆ ಕಲಾಯಿ ಇತ್ತಲ್ಲ, ಎಲ್ಲೋಯ್ತವ್ವ?"

ತಂಗಿ ನೆಲ ನೋಡುತ್ತಿದ್ದಳು.

"ಬೆಳ್ಳಗೆ ಮಂಕಾಗಿರ್ತದಲ್ಲ, ಅದೇ ಕಲಾಯಿ. ಹುಳಿಗೂ ಹಿತ್ತಾಳೆಗೂ ಮಧ್ಯ ಅದೇ ಕಾವಲು. ಉಜ್ಜಿದ್ಯಾರು?"

"ನಾನೇಯ."

ಅಜ್ಜಿಯ ಕಣ್ಣು ಗೋಡೆಗೆ ಹೋಯಿತು. ತುಕ್ಕು ಹಿಡಿದ ಕಾವಲಿಯ ಮೇಲೆ ಬೆರಳಿಟ್ಟರು, ಬೆರಳು ಕೆಂಪಾಯಿತು. ಒಂದು ಉಗುರು ಹಸಿರು, ಒಂದು ಬೆರಳು ಕೆಂಪು, ಎರಡನ್ನೂ ನೋಡಿಕೊಂಡರು.

"ಇದ್ನೂ ನೀನೇ ಉಜ್ಜಿದ್ದಾ?"

ನಾನು ಬಾಗಿಲಲ್ಲೇ ನಿಂತಿದ್ದೆ, ಕೋಟು ಹಾಕಿಕೊಂಡು. ತಂಗಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವಳು ಮತ್ತೆ ತಲೆ ಬಗ್ಗಿಸಿ, "ಊಂ" ಅಂದಳು.

"ಸರಿ ಬುಡು. ಕಬ್ಣ ಕಾಪಾಡ್ಕಳಕ್ಕೆ ಬರ್ದೋಳು ಮನೆ ಏನ್ ಕಾಪಾಡ್ತಾಳು."

ಹುಡುಗನ ಅಪ್ಪನನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಗಾಡಿ ಹೊರಟಿತು. ತಂಗಿ ಅಳಲಿಲ್ಲ. ಬಕೀಟು ತಂದು ಅಂಗಳ ತೊಳೆಯತೊಡಗಿದಳು. ಸುಲಿದ ಅಂಗೈಯಲ್ಲಿ ಆ ಹಸಿರು ರಾಡಿಯನ್ನು ಬಳಿದು ಬಳಿದು ಹಾಕುತ್ತಿದ್ದಳು. ಅದನ್ನು ನೋಡುತ್ತ ನಿಂತಾಗ ನನಗೆ ವಾಕರಿಕೆ ಬಂದದ್ದು ಆ ರಾಡಿಗಲ್ಲ.

ಕೆರೆ ಏರಿಯ ಮೇಲೆ ಗಾಡಿಯನ್ನು ಹಿಡಿದೆ. ಏದುಸಿರು ಬಿಡುತ್ತಲೇ ಹೇಳಿದೆ: "ಅಜ್ಜಿ, ತಪ್ಪಲೆ ಉಜ್ಜಿಸಿದ್ದು ನಾನು. ಕಾವಲಿ ಉಜ್ಜಿದ್ದೂ ನಾನೇ. ಬೆಳಿಗ್ಗೆ ಸಾರು ಕೆಟ್ಟಿದ್ದು ಗೊತ್ತಿದ್ದೂ ಬಡಿಸಿ ಅಂದವನೂ ನಾನೇ. ಅವಳದೇನೂ ತಪ್ಪಿಲ್ಲ."

ಅಜ್ಜಿ ನನ್ನನ್ನು ಪೇಟದಿಂದ ಕಾಲಿನವರೆಗೆ ನೋಡಿದರು.

"ಬಿ.ಎ.ಗೆ ಇದ್ನೆಲ್ಲ ಓದುಸ್ತಾರೇನಪ್ಪಾ?"

ಹುಲ್ಲಿನ ಮೇಲಿಂದ ಹುಡುಗನ ಅಪ್ಪ ನರಳುತ್ತಲೇ, "ನಮ್ ಹೈದನ್ನ ಇಸ್ಕೂಲು ಬುಡ್ಸಿದ್ದೇ ಒಳ್ಳೇದಾಯ್ತು ಕಣವ್ವ" ಅಂದರು.

"ಅಡಿಗೆ ಮನೇಲೇ ನಿಂತಿದ್ಯಲ್ಲ, ಆಗ ಬಾಯಿಗೇನ್ ಮಡಿಕಂಡಿದ್ದೆ?" ಅಂದರು ಅಜ್ಜಿ. "ಓಗು. ಆ ಕಾವ್ಲಿನ ಮೊದ್ಲಂಗೆ ಮಾಡಕ್ಕೆ ಹೇಳು ನಿನ್ ತಂಗಿಗೆ. ಅದ್ರಲ್ಲಿ ಬೇಯ್ಸಿದ್ ಒಂದು ರೊಟ್ಟಿ ಕಳ್ಸಿ. ಆಮ್ಯಾಕೆ ಮಾತಾಡಾನ."

ತಂಗಿ ಮಾರನೆಯ ದಿನವೇ ಕಾವಲಿ ಇಳಿಸಿದಳು. ಬೂದಿ ಹಾಕಿ ತುಕ್ಕು ತಿಕ್ಕಿ, ಒಲೆಯ ಮೇಲೆ ಹನಿ ನೀರಿಲ್ಲದಂತೆ ಕಾಯಿಸಿ, ಹರಳೆಣ್ಣೆಯನ್ನು ತೆಳ್ಳಗೆ, ಬಟ್ಟೆಗೆ ಅಂಟಿದಷ್ಟೇ ಸವರಿ ಹೊಗೆಯಾಡುವ ತನಕ ಸುಡುವುದು. ಆರಿದ ಮೇಲೆ ಮತ್ತೆ ಸವರುವುದು, ಮತ್ತೆ ಸುಡುವುದು. ಮನೆಯೆಲ್ಲ ಆ ಕಮಟು ಹೊಗೆ. ನನ್ನ ಕೋಟೂ ಅದೇ ನಾತ ಹೊತ್ತು ಕಚೇರಿಗೆ ಬರುತ್ತಿತ್ತು. ಪಕ್ಕದ ಗುಮಾಸ್ತರು ಕುರ್ಚಿ ಸರಿಸಿಕೊಂಡರು.

ಹೊಸ ಕಾವಲಿಯ ಮೊದಮೊದಲ ರೊಟ್ಟಿಗಳನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ, ನಾಯಿಗೆ ಹಾಕುತ್ತಾರೆ. ತಂಗಿ ಅವನ್ನು ನನ್ನ ತಟ್ಟೆಗೆ ಹಾಕಿದಳು. ಅಡಿಯೆಲ್ಲ ಕಪ್ಪು ಜಿಗುಟು, ಕಿತ್ತು ಬಂದ ಚೂರುಗಳು, ತುಕ್ಕಿನ ರಕ್ತದಂಥ ರುಚಿ, ಮೇಲೆ ಸುಟ್ಟ ಹರಳೆಣ್ಣೆಯ ಕಹಿ.

"ಇದನ್ನ ನಾಯಿಗೆ ಹಾಕಬಾರದಾ?" ಅಂದೆ.

"ಯಾಕ್ ಹಾಕ್ಲಿ? ಅದೇನು ಕಾವ್ಲಿ ಉಜ್ಜಿತ್ತಾ?"

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಾನು ತಿಂದೆ. ಆ ದಿನ ಮಾತ್ರವಲ್ಲ, ಮೂರು ವಾರ, ಕಚೇರಿಗೆ ಹೊರಡುವ ಮುಂಚೆ ದಿನಕ್ಕೊಂದು. ಹಾಸ್ಟೆಲಿನ ಹುಳು ಅನ್ನ ಇದಕ್ಕಿಂತ ಎಷ್ಟೋ ವಾಸಿ. ಉಗುಳಲು ಮುಖ ಇರಲಿಲ್ಲ, ಎದುರಿಗೆ ಅವಳು ಕೈ ಕಟ್ಟಿ ಕೂತಿರುತ್ತಿದ್ದಳು, ಅಂಗೈಯ ಗಾಯ ಇನ್ನೂ ಮಾಯ್ದಿರಲಿಲ್ಲ.

ಈ ನಡುವೆ ಕಲಾಯಿ ಸಾಬರು ಊರಿಗೆ ಬಂದರು. ತಪ್ಪಲೆ ನೋಡಿ, "ಯಜಮಾನ್ರೇ, ಒಳ್ಗಡೆ ಬೆಳಗ್ಸುದ್ರಾ? ಹೊರ್ಗಡೆ ಎಷ್ಟಾದ್ರೂ ಉಜ್ಜಿ, ಒಳ್ಗಡೆ ಬೂದಿ ಬಟ್ಟೇಲಿ ಒರ್ಸಿದ್ರೆ ಸಾಕು" ಎಂದು ಎಲ್ಲರೆದುರು ನಕ್ಕರು. ಕಾದ ತಪ್ಪಲೆಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದೇ ಸುತ್ತು ಒರೆಸಿದರು. ಬಂಗಾರವೆಲ್ಲ ಹೋಗಿ ಮತ್ತೆ ಅದೇ ಬೂದಿ ಬಳಿದ ಬಣ್ಣ ಬಂತು. ತಂಗಿ ನನ್ನ ಕಡೆ ನೋಡಿದಳು. ನಾನು ಈ ಸಲ ಭೇಷ್ ಅನ್ನಲಿಲ್ಲ.

ಒಂದು ಬೆಳಿಗ್ಗೆ ರೊಟ್ಟಿ ಕಾವಲಿಯಿಂದ ಸಲೀಸಾಗಿ ಎದ್ದು ಬಂತು. ಎಲ್ಲೂ ಕಪ್ಪಿಲ್ಲ, ಹೊಂಬಣ್ಣದ ಚುಕ್ಕೆ ಮಾತ್ರ. ಬಟ್ಟೆಯಲ್ಲಿ ಸುತ್ತಿ ಪಿರಿಯಾಪಟ್ಟಣಕ್ಕೆ ಕಳಿಸೋಣ ಎಂದೆ. ತಂಗಿ ಅದನ್ನು ಎರಡು ಮಡಚಿ ತಾನೇ ತಿಂದಳು.

"ಬೇಕಾದ್ರೆ ಅವ್ರೇ ಬಂದು ತಿನ್ಲಿ. ನಾನೇನು ತಪ್ಪು ಮಾಡಿವ್ನಿ, ರೊಟ್ಟಿ ಕಳ್ಸಕ್ಕೆ?"

ಮಾತು ಹೇಗೋ ಅಜ್ಜಿಯ ಕಿವಿಗೆ ಮುಟ್ಟಿತು. ಮುಂದಿನ ಹುಣಸೂರು ಸಂತೆಯ ದಿನ ಗಾಡಿ ನಮ್ಮ ಬಾಗಿಲಿಗೇ ಬಂತು. ಅಜ್ಜಿ ಒಲೆಯ ಮುಂದೆ ಕೂತು, ಮೊದಲು ಕಾವಲಿಯನ್ನು ಉಗುರಿನಿಂದ ಗೀರಿ ನೋಡಿ, ಆಮೇಲೆ ಹಲ್ಲಿಲ್ಲದ ಬಾಯಲ್ಲಿ ಎರಡು ರೊಟ್ಟಿ ನೆನೆಸಿ ನೆನೆಸಿ ತಿಂದರು. ಏಳುವಾಗ ಮದುವೆಯ ತಿಂಗಳು ಹೇಳಿ ಎದ್ದರು.

ಮದುವೆಗೆ ತಪ್ಪಲೆಯನ್ನು ಕೊಡಲು ಹೋದೆ. ತಂಗಿ, "ಬ್ಯಾಡ ಕಣಣ್ಣಯ್ಯ, ನೀನೇ ಮಡಿಕ" ಎಂದು ಕಾವಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗಾಡಿ ಹತ್ತಿದಳು.

ವರ್ಷಕ್ಕೊಮ್ಮೆ ಅವಳ ಮನೆಗೆ ಹೋಗುತ್ತೇನೆ. ಒಲೆ ಹತ್ತಿದ ಕೂಡಲೇ ಅವಳು ಮಕ್ಕಳನ್ನು ಕೂಗಿ ಕೇಳುತ್ತಾಳೆ: "ಮೊದಲ್ನೇ ರೊಟ್ಟಿ ಯಾರ್ಗೆ ಹೇಳ್ರುಲಾ?" ಮಕ್ಕಳು ಒಟ್ಟಿಗೆ, "ಮಾವಂಗೆ!" ಎಂದು ಕಿರುಚಿ ಬಿದ್ದು ಬಿದ್ದು ನಗುತ್ತವೆ. ರೊಟ್ಟಿ ಬೆಣ್ಣೆಯ ಹಾಗಿರುತ್ತದೆ. ಆದರೂ ಅದು ತಟ್ಟೆಗೆ ಬೀಳುತ್ತಲೇ ನನ್ನ ನಾಲಗೆಯ ಬುಡದಲ್ಲಿ ಆ ತುಕ್ಕು ಊರುತ್ತದೆ. ಪೂರ್ತಿ ನುಂಗುವ ತನಕ ಅವಳು ನನ್ನನ್ನೇ ನೋಡುತ್ತ ಕೂತಿರುತ್ತಾಳೆ.